ಹುಲಿಗೇಶ ತುಂಬಿದ ಪಿಂಚಣಿ ಅರ್ಜಿ

ಹಟ್ಟಿಯ ಚಿನ್ನದ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ನೆಲದೊಳಗೆ ಇಳಿದು ಹತ್ತಿದ ಹುಲಿಗೇಶನಿಗೆ, ಗಣಿಯ ಕತ್ತಲೆಯಲ್ಲಿ ಎಂದೂ ಆಗದಷ್ಟು ಹೆದರಿಕೆ ಒಂದು ಅರ್ಜಿಯಿಂದ ಆಯಿತು. ಅದು 2023ರ ಬೇಸಿಗೆ. ಕಾರ್ಮಿಕ ಸಂಘದ ಸಿದ್ದರಾಮ ವಿಷಯ ಬಿಡಿಸಿ ಹೇಳಿದ್ದ: ಪಿಎಫ್‌ನಲ್ಲಿ ಕೂಡಿದ ಹಣದಲ್ಲಿ ದೊಡ್ಡ ಪಾಲನ್ನು ಪಿಂಚಣಿ ನಿಧಿಗೆ ಬಿಟ್ಟುಕೊಟ್ಟರೆ, ನಿವೃತ್ತಿಯ ನಂತರ ಬದುಕಿರುವವರೆಗೂ ಹೆಚ್ಚಿನ ಪಿಂಚಣಿ. ಬಿಡದಿದ್ದರೆ ಇಡಿಗಂಟು ಕೈಗೆ ಬರುತ್ತದೆ, ಪಿಂಚಣಿ ಮಾತ್ರ ಸಣ್ಣದು. ಜುಲೈ ಹನ್ನೊಂದು ಕಡೆಯ ದಿನ.

"ಭಾಳ ವರ್ಷ ಬದುಕಾವ್ರಿಗೆ ಪಿಂಚಣಿನ ಲಾಭ ನೋಡು" ಎಂದಿದ್ದ ಸಿದ್ದರಾಮ.

ಆ ಮಾತು ಹುಲಿಗೇಶನೊಳಗೆ ನಾಟಿಕೊಂಡಿತು. ಅವನ ಅಪ್ಪ ಐವತ್ತೊಂಬತ್ತಕ್ಕೆ, ಅಣ್ಣ ಐವತ್ತೇಳಕ್ಕೆ, ಇಬ್ಬರೂ ಎದೆ ಹಿಡಿದುಕೊಂಡೇ ಹೋಗಿದ್ದರು. ಅವನಿಗೆ ಐವತ್ತನಾಲ್ಕು. ಪಾಳಿಗೆ ಇಳಿಯುವ ಮೊದಲು ಸಾಲಿನಲ್ಲಿ ನಿಂತಾಗಲೂ ಬೆರಳು ತಾನಾಗಿ ಮಣಿಕಟ್ಟಿನ ನಾಡಿ ಹುಡುಕುತ್ತಿತ್ತು. ಊಟ ಸೇರದಾಯಿತು. ಹೆಂಡತಿ ಗ್ಯಾನಮ್ಮನಿಗೆ ಒಂದು ಮಾತೂ ಹೇಳಲಿಲ್ಲ.

ಒಂದು ದಿನ ಬ್ಯಾಂಕಿನ ಕೆಲಸವೆಂದು ಸುಳ್ಳು ಹೇಳಿ ಲಿಂಗಸುಗೂರಿನ ಬಸ್ಸು ಹತ್ತಿದ. ಡಾಕ್ಟರು ಇಸಿಜಿ ನೋಡಿ, ಸದ್ಯಕ್ಕೆ ತೊಂದರೆಯಿಲ್ಲ, ಬಿಪಿ ಗುಳಿಗೆ ತಗೋ, ಗುಟ್ಕಾ ಬಿಡು ಎಂದರು. ತಾನು ಇನ್ನೆಷ್ಟು ವರ್ಷ ಇರುತ್ತೇನೆಂದು ಇವನು ಕೇಳಿಯೇಬಿಟ್ಟ. ಅದು ಈ ಕಾಗದದಲ್ಲಿ ಬರುವುದಿಲ್ಲ ಎಂದು ಡಾಕ್ಟರು ಮುಂದಿನವರನ್ನು ಕರೆದರು.

ಮರುದಿನ ಅಂಗಿ ಒಗೆಯಲು ತೆಗೆದ ಗ್ಯಾನಮ್ಮನಿಗೆ ಜೇಬಿನಲ್ಲಿ ಆಸ್ಪತ್ರೆಯ ಚೀಟಿ ಸಿಕ್ಕಿತು. ಇನ್ನು ಮುಚ್ಚಿಡುವಂತಿರಲಿಲ್ಲ. ಅಪ್ಪ, ಅಣ್ಣ, ಅರ್ಜಿ, ಎಲ್ಲವನ್ನೂ ಹೇಳಿದ.

"ನಿಮ್ಮ ವಯಸ್ಸಷ್ಟ ಎಣಿಸಾಕತ್ತೀರಿ" ಎಂದಳು ಗ್ಯಾನಮ್ಮ. "ನನಗ ನಲವತ್ತೆರಡು. ನೀವು ಹೋದ ಮ್ಯಾಲ ನಾ ಎಷ್ಟು ವರ್ಷ ಉಣಬೇಕು, ಅದನ್ನ ಯಾರು ಎಣಿಸ್ತಾರ? ಇಡಿಗಂಟು ಬಂದ್ರ ನಿಮ್ಮ ತಮ್ಮಗೋಳು ವರ್ಷದಾಗ ಕೇಳಿ ಒಯ್ತಾರ. ಇಲ್ಲ ಅನ್ನಾಕ ನಿಮಗ ಬರಂಗಿಲ್ಲ."

ತಾನು ಸತ್ತರೆ ಹೆಂಡತಿಗೆ ಅರ್ಧ ಪಿಂಚಣಿ ಬರುತ್ತದೆಂದು ಸಿದ್ದರಾಮನಿಂದ ಖಾತ್ರಿ ಮಾಡಿಕೊಂಡು, ಹತ್ತನೇ ತಾರೀಖು ಇಬ್ಬರೂ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಗೆ ಹೋದರು. ಸರ್ವರ್ ಮೂರು ಸಲ ಕೈಕೊಟ್ಟಿತು. ಪ್ರತಿ ಸಲವೂ ಹುಲಿಗೇಶನಿಗೆ ಎದ್ದು ಮನೆಗೆ ಹೋಗಿಬಿಡೋಣ ಎನಿಸಿತು. ನಾಲ್ಕನೇ ಸಲ ಅರ್ಜಿ ಹೋಯಿತು.

ಉತ್ತರ ಬರಲು ಎರಡು ವರ್ಷ ಹಿಡಿಯಿತು. ಹಣವನ್ನು ಪಿಂಚಣಿ ನಿಧಿಗೆ ವರ್ಗಾಯಿಸಲು ಕೇಳಿದ ಒಪ್ಪಿಗೆ ಪತ್ರಕ್ಕೆ ಅವನು ಸಹಿ ಹಾಕಿದ. ಪಿಎಫ್ ಖಾತೆಯಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಆ ಹಣದಲ್ಲಿ ಮಸ್ಕಿಯಲ್ಲಿ ಕಟ್ಟಬೇಕೆಂದಿದ್ದ ಮನೆ ಎರಡು ಕೋಣೆಗೆ ಇಳಿಯಿತು. ಬುನಾದಿಗೆ ಗುರುತು ಹಾಕುವ ದಿನ ಗ್ಯಾನಮ್ಮನೇ ಹಗ್ಗದ ಒಂದು ತುದಿ ಹಿಡಿದು ನಿಂತಳು. ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ಮಾಡಿದ್ದು ಸರಿಯೋ ತಪ್ಪೋ ಹುಲಿಗೇಶನಿಗೆ ಇವತ್ತಿಗೂ ಗೊತ್ತಾಗಿಲ್ಲ.