ಅಕ್ಕ ಒತ್ತದ ಗುಂಡಿ

ಅವ್ವನ ಫೋಟೋಗಳನ್ನು ಅಳಿಸಿದವನು ನಾನು. ಅಕ್ಕನಲ್ಲ. ತನ್ನ ಬೆರಳೇ ಆ ಪಾಪ ಮಾಡಿತೆಂದು ಅಕ್ಕ ಇಷ್ಟು ವರ್ಷ ನಂಬಿಕೊಂಡು ಬದುಕಿದ್ದಾಳೆ. ಓಣಿಯವರೂ ನಂಬಿದ್ದಾರೆ, ನನ್ನ ಹೆಂಡತಿ ಮಗಳೂ ನಂಬಿದ್ದಾರೆ. ನಂಬಿಸಿದವನು ನಾನು — ಅಕ್ಕನನ್ನಂತೂ ಒಂದು ಮಾತೂ ಆಡದೆ.

ಅಕ್ಕ ನೀಲವ್ವ ನನಗಿಂತ ಆರು ವರ್ಷ ದೊಡ್ಡವಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ನರೇಗಲ್ಲಿನ ನಮ್ಮ ಓಣಿಯಲ್ಲಿ ಅವಳಷ್ಟು ನೀಟಾಗಿ ಜಂಪರು ಹೊಲಿಯುವವರು ಯಾರೂ ಇರಲಿಲ್ಲ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ನಾವು ಮೂವರೇ. ಅಕ್ಕ ಮತ್ತು ಅವ್ವನ ನಡುವೆ ಒಂದು ಕೈಭಾಷೆ ಇತ್ತು. ಯಾವ ಸಾಲಿಯಲ್ಲೂ ಕಲಿಸುವ ಭಾಷೆಯಲ್ಲ ಅದು, ಒಲೆಯ ಮುಂದೆ ಕೂತು ಅವರಿಬ್ಬರೇ ಕಟ್ಟಿಕೊಂಡದ್ದು. ಉಣ್ಣು ಬಾ, ಎಣ್ಣೆ ತೀರಿದೆ, ಆಚೆಮನೆಯವಳು ಮಹಾ ಜಿಪುಣಿ — ಎಲ್ಲವೂ ಕೈಯಲ್ಲೇ. ಹೇಳಿ ಹೇಳಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಅದರಲ್ಲಿ ಕಾಲುಭಾಗವೂ ತಿಳಿಯುತ್ತಿರಲಿಲ್ಲ. ಕಲಿಯುವ ಉಸಾಬರಿಗೆ ನಾನು ಹೋಗಲೇ ಇಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಸೂಡಿಯಲ್ಲಿ ಬಳಗದವರ ಮದುವೆಗೆ ಹುಬ್ಬಳ್ಳಿಯಿಂದ ಬಂದವನೊಬ್ಬ ಸಣ್ಣ ಡಿಜಿಟಲ್ ಕ್ಯಾಮೆರಾ ತಂದಿದ್ದ. ಅಕ್ಕ ಅವ್ವ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದು, ಕ್ಯಾಮೆರಾದ ಬೆನ್ನು ತಿರುಗಿಸಿ ತೋರಿಸಿದ. ರೀಲು ತೊಳೆಸುವುದಿಲ್ಲ, ಕಾಯುವುದಿಲ್ಲ, ಅಲ್ಲೇ ಅವ್ವ ನಗುತ್ತ ನಿಂತಿದ್ದಾಳೆ! ಅಂದಿನಿಂದ ಅಕ್ಕನಿಗೆ ಅದೊಂದೇ ಹುಚ್ಚು. ಎರಡು ಕೈಯಿಂದ ಗಾಳಿಯಲ್ಲಿ ಒಂದು ಡಬ್ಬಿ ಬರೆದು, ಬೆರಳಿನಿಂದ ಒಂದು ಸಲ ಒತ್ತುವಳು. ಅದು ಬೇಕು. ದೀಪಾವಳಿಯ ಹೊಲಿಗೆ, ಮದುವೆ ಸೀಜನ್ನಿನ ಹೊಲಿಗೆ, ಎಲ್ಲದರ ದುಡಿಮೆಯನ್ನೂ ಅದಕ್ಕೆಂದೇ ಕೂಡಿಟ್ಟಳು. ಕೊನೆಗೆ ಕೊಂಡು ತಾ ಎಂದು ನನ್ನ ಕೈಗೆ ಕೊಟ್ಟಳು.

ನಾನು ಆಗ ಡಿಗ್ರಿ ಕೊನೆಯ ವರ್ಷ. ಕಾಲೇಜಿನಲ್ಲಿ ನಾಲ್ಕೈದು ಹುಡುಗರ ಬಳಿ ಕ್ಯಾಮೆರಾ ಇರುವ ಮೊಬೈಲ್ ಬಂದಿತ್ತು. ಜೇಬಿನಲ್ಲಿಟ್ಟುಕೊಂಡು ಹಾಡು ಹಚ್ಚಿ ನಡೆಯುತ್ತಿದ್ದರು. ಅವರ ಸುತ್ತ ನಾನು ನೊಣದ ಹಾಗೆ ತಿರುಗುತ್ತಿದ್ದೆ. ಹಾಗಾಗಿ —

"ಅವ್ವಾ, ಕ್ಯಾಮೆರಾದಾಗ ಬರೇ ಫೋಟೋ ಅಷ್ಟ. ಮೊಬೈಲ್‌ನ್ಯಾಗ ಫೋಟೋನೂ ಬರ್ತಾವು, ಮಾತೂ ಆಡಬಹುದು, ಹಾಡೂ ಕೇಳಬಹುದು," ಎಂದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಆಕಿಗೆ ಮಾತ್ಯಾಕ, ಹಾಡ್ಯಾಕ? ಆಕಿ ಕೇಳಿದ್ದು ಫೋಟೋದ ಡಬ್ಬಿ. ದುಡದಾಕಿ ಆಕಿ. ನಡುವ ನಿಂದೇನಪಾ?"

ನಾನು ಅವ್ವನನ್ನು ಬಿಟ್ಟು ಅಕ್ಕನ ಮುಂದೆ ಹೋಗಿ ನಿಂತೆ. ಗಾಳಿಯಲ್ಲಿ ಕ್ಯಾಮೆರಾ ಬರೆದೆ, ಕಿವಿಗೆ ಕೈಯಿಟ್ಟು ಮೊಬೈಲ್ ತೋರಿಸಿದೆ, ಎರಡು ತೋರುಬೆರಳು ಜೋಡಿಸಿದೆ. ಎರಡೂ ಒಂದೇ. ಅವಳು ನನ್ನ ಮುಖ ನೋಡಿದಳು, ತಲೆಯಾಡಿಸಿದಳು. ತಮ್ಮ ಓದಿದವನು, ಅವನಿಗೆ ತಿಳಿಯುತ್ತದೆ ಎಂದುಕೊಂಡಿರಬೇಕು.

ಮೊಬೈಲ್ ಬಂತು. ಹಗಲೆಲ್ಲ ನನ್ನ ಜೇಬಿನಲ್ಲಿ, ಸಂಜೆ ಅವಳ ಕೈಯಲ್ಲಿ. ಬೆಳಕು ಕಡಿಮೆಯಾದರೆ ಅದರಲ್ಲಿ ಫೋಟೋ ಮಬ್ಬು ಮಬ್ಬು. ಅದಕ್ಕೇ ನಾನು ಬಸ್ಸು ಇಳಿದು ಬರುವ ಹೊತ್ತಿಗೆ ಅಕ್ಕ ಬಾಗಿಲಲ್ಲೇ ಕೈಯೊಡ್ಡಿ ನಿಂತಿರುತ್ತಿದ್ದಳು. ಕಸಿದುಕೊಂಡು ಓಡುವಳು. ಹಂಚಿನ ಮೇಲೆ ಉಬ್ಬಿದ ರೊಟ್ಟಿ, ಎದುರುಮನೆ ಮಾಬುಬಿ ಚಾಚಿಯ ಆಡು, ಹೊಲಿದು ಮುಗಿಸಿದ ಜಂಪರಿನ ತೋಳು. ಎಲ್ಲಕ್ಕಿಂತ ಹೆಚ್ಚು ಅವ್ವ. ಅವ್ವ ಸುಮ್ಮನೆ ಕೂತ ಫೋಟೋ ಅಲ್ಲ — ಕೈಯಾಡಿಸುತ್ತಿರುವ ಅವ್ವ. ಬಾಯಿಗೆ ತುತ್ತು ಒಯ್ದು "ಉಣ್ಣು ಬಾ" ಎನ್ನುವ ಅವ್ವ. ಹಣೆ ಬಡಿದುಕೊಂಡು ನನ್ನನ್ನು ಬೈಯುವ ಅವ್ವ. ಏನು ಹುಚ್ಚು ಇವಳದು, ಕೈ ಅಲುಗಿ ಫೋಟೋ ಕೆಡುತ್ತವಲ್ಲ ಎಂದುಕೊಳ್ಳುತ್ತಿದ್ದೆ. ಅವಳು ಅವ್ವನ ದನಿಯನ್ನು ಹಿಡಿದಿಡುತ್ತಿದ್ದಳು ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಜ್ವರ ಎಂದು ಮಲಗಿದವಳು ಮತ್ತೆ ಏಳಲಿಲ್ಲ. ಆಮೇಲೆ ಮನೆಯಲ್ಲಿ ಅಕ್ಕನ ಭಾಷೆ ಬಲ್ಲವರು ಯಾರೂ ಇರಲಿಲ್ಲ. ದಿನಾ ಸಂಜೆ ನನ್ನಿಂದ ಮೊಬೈಲ್ ಇಸಿದುಕೊಂಡು, ಮಷೀನಿನ ಪಕ್ಕ ಕೂತು, ಅವ್ವನ ಒಂದೊಂದೇ ಫೋಟೋ ತೆರೆಯುವಳು. ಫೋಟೋದ ಅವ್ವ ಕೈಯಲ್ಲಿ ಏನೋ ಹೇಳಿದರೆ ಇವಳೂ ಕೈಯಲ್ಲಿ ಉತ್ತರ ಕೊಡುವಳು. ನಾನು ಕಂಡಿದ್ದೇನೆ. ಕಂಡೂ —

ದೀಪಾವಳಿ ಕಳೆದ ಮೇಲೆ ನರಗುಂದದಲ್ಲಿ ಗೆಳೆಯನ ಮದುವೆಯಿತ್ತು. ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಹೊರಟಿದ್ದೆವು. ದಾರಿಯುದ್ದಕ್ಕೂ ಹಾಡು ಬೇಕಲ್ಲ, ಹಾಡಿನ ಜವಾಬ್ದಾರಿ ನನ್ನದು. ಹಿಂದಿನ ದಿನ ಗಜೇಂದ್ರಗಡಕ್ಕೆ ಹೋಗಿ ಮೊಬೈಲ್ ಅಂಗಡಿಯಲ್ಲಿ ಕೂತೆ. ಆಗೆಲ್ಲ ಅಂಗಡಿಯವರೇ ಕಂಪ್ಯೂಟರಿನಿಂದ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುತ್ತಿದ್ದರು. ಅಂಗಡಿಯವನು ಉಗುರಿನಷ್ಟು ಸಣ್ಣ ಕಾರ್ಡು ತೆಗೆದು ಹಚ್ಚಿ ನೋಡಿದ.

"ಜಾಗಾ ಇಲ್ರಿ ಇದರಾಗ. ಫೋಟೋ ಭಾಳ ಅದಾವು. ಯಾರೋ ಹಿರೇಮನಷ್ಯಾರವು... ಸಿಡಿಗೆ ಹಾಕಿ ಕೊಡ್ತೀನಿ, ನಾಳಿ ಬರ್ರಿ."

ನಾಳೆ ಮದುವೆ. ಟ್ರ್ಯಾಕ್ಸ್ ಬೆಳಿಗ್ಗೆಯೇ ಹೊರಡುತ್ತದೆ.

"ಬ್ಯಾಡ್ರಿ, ಅಳಿಸಿಬಿಡ್ರಿ," ಎಂದೆ.

ಆ ಗಳಿಗೆಯಲ್ಲಿ ಏನು ಯೋಚಿಸಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮರೆತಿದ್ದೆನೆ? ಇಲ್ಲ, ಪರದೆಯ ಮೇಲೆ ಅವ್ವ ಕಾಣುತ್ತಿದ್ದಳು. ಅಕ್ಕ ನೆನಪಾಗಲಿಲ್ಲವೆ? ಆದಳು. ಏನೋ ಒಂದು ಹೇಳಿದರಾಯಿತು, ಅವಳಿಗೇನು ತಿಳಿಯುತ್ತದೆ — ಇದು ನಾನು ಯೋಚಿಸಿದ್ದು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಹುಟ್ಟುತ್ತದೆ. ಆದರೂ ಯೋಚಿಸಿದ್ದು ಇದನ್ನೇ.

ಸಂಜೆ ಅಕ್ಕ ಎಂದಿನಂತೆ ಕೈಯೊಡ್ಡಿದಳು, ಕೊಟ್ಟೆ. ಒತ್ತಿದಳು, ಮತ್ತೆ ಒತ್ತಿದಳು, ಮೊಬೈಲನ್ನು ಅಲುಗಾಡಿಸಿದಳು, ನನ್ನ ಬಳಿ ಓಡಿಬಂದಳು. ಮೂಗಿನ ಪಕ್ಕ ಬೆರಳು ಮುಟ್ಟಿಸಿದಳು — ಅವ್ವನ ಮೂಗುಬಟ್ಟು, ಅಂದರೆ ಅವ್ವ. ಅವ್ವ ಎಲ್ಲಿ? ನಾನು ಮೊಬೈಲ್ ಇಸಿದುಕೊಂಡು ಹುಡುಕುವ ನಾಟಕ ಮಾಡಿದೆ. ಆಮೇಲೆ ಅವಳ ತೋರುಬೆರಳು ಹಿಡಿದು ಒಂದು ಗುಂಡಿಯ ಮೇಲೆ ಒತ್ತಿಸಿ, ನನ್ನ ಅಂಗೈಯನ್ನು ಉಫ್ ಎಂದು ಊದಿ ತೋರಿಸಿದೆ. ನೀನು ಒತ್ತಿದೆ, ಹೋಯಿತು.

ಅವಳು ತನ್ನ ಬೆರಳನ್ನೇ ನೋಡುತ್ತ ನಿಂತಳು. ಹೊಸ್ತಿಲ ಹತ್ತಿರ ಹೋಗಿ ಕೂತು ಆ ಬೆರಳನ್ನು ಕಲ್ಲಿಗೆ ಜಪ್ಪತೊಡಗಿದಳು. ನಾನು ಒಳಗೆ ಗೋಡೆಗೆ ಆತು ನಿಂತು ನೋಡುತ್ತಿದ್ದೆ. ಉಗುರು ಕಪ್ಪಾಯಿತು, ರಕ್ತ ಬಂತು. ಮಾಬುಬಿ ಚಾಚಿ ಓಡಿಬಂದು ಅವಳ ಕೈ ಹಿಡಿದುಕೊಂಡಳು; ನಾನಲ್ಲ.

ತಪ್ಪಿ ಗುಂಡಿ ಒತ್ತಿ ಅವ್ವನ ಫೋಟೋ ಅಳಿಸಿಬಿಟ್ಟಳು ಎಂದೆ. ಚಾಚಿ ಅಕ್ಕನ ಬೆರಳಿಗೆ ಅರಿಷಿಣ ಕಟ್ಟಿ ನನ್ನ ಕಡೆ ತಿರುಗಿದಳು. "ಏ ತಮ್ಮಾ, ಒಂದ ಹೊಲಗಿ ತಪ್ಪದಾಕಿ, ಗುಂಡಿ ತಪ್ಪಿ ಒತ್ತಿದ್ಲೇನಪಾ? ಖರೇ ಹೇಳು."

"ಹೌದ್ ಚಾಚಿ. ಆಕಿಗೇನ್ ತಿಳೀತೈತಿ," ಎಂದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರಲ್ಲ, ಅಂದಿನಿಂದ ಚಾಚಿ ಎದುರಾದರೆ ದಾರಿ ಬದಲಿಸುತ್ತಿದ್ದೆ. ಮಾರನೆಯ ದಿನ ಮಾತ್ರ ನರಗುಂದದ ದಾರಿಯುದ್ದಕ್ಕೂ ಹಾಡು ಹಚ್ಚಿ ಎಲ್ಲರಿಗಿಂತ ಜೋರಾಗಿ ಕುಣಿದೆ.

ರೋಣದಲ್ಲಿ ಕೆಲಸ ಸಿಕ್ಕ ಮೇಲೆ ಮೊದಲ ಸಂಬಳದಲ್ಲಿ ಅಕ್ಕನಿಗೆ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟೆ. ಅವಳು ಮೊದಲು ಕೇಳಿದ್ದೇ ಅದನ್ನು, ಫೋಟೋ ಬಿಟ್ಟು ಬೇರೇನೂ ಇಲ್ಲದ ಡಬ್ಬಿ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಎಷ್ಟು ಒತ್ತಾಯಿಸಿದರೂ ಮುಟ್ಟಲಿಲ್ಲ. ಸೆಲ್ಲು ಒಳಗೇ ಸೋರಿ ಟ್ರಂಕಿನಲ್ಲಿ ಅದು ಕೆಟ್ಟುಹೋಯಿತು. ಅಂದೇ ಹೇಳಬಹುದಿತ್ತು. ಹೇಳದೆ, ತಂದುಕೊಟ್ಟೆನಲ್ಲ ಎಂಬ ಸಮಾಧಾನವನ್ನೂ ಪಟ್ಟುಕೊಂಡೆ.

ಹೋದ ವಾರ ನನ್ನ ಮಗಳು ಸುಮಾ ತನ್ನ ಮೊಬೈಲನ್ನು ಅಕ್ಕನ ಮುಂದೆ ಹಿಡಿದು, ನಮ್ಮೆಲ್ಲರದೊಂದು ಫೋಟೋ ತೆಗಿ ಎಂದು ಸನ್ನೆ ಮಾಡಿದಳು. ಅಕ್ಕ ಬೆಂಕಿ ಕಂಡವಳಂತೆ ಹಿಂದೆ ಸರಿದಳು. "ಅಪ್ಪಾ, ಅತ್ತಿ ಯಾಕ ಹಿಂಗ ಮಾಡ್ತಾಳ?" ಎಂದು ಕೇಳಿದ ಮಗಳಿಗೆ ನಾನು ಹೇಳಿದ್ದು — ಇಷ್ಟು ವರ್ಷಗಳ ನಂತರವೂ, ನರೆಯತೊಡಗಿದ ತಲೆ ಹೊತ್ತುಕೊಂಡು — "ಒಮ್ಮೆ ತಪ್ಪಿ ಎಲ್ಲಾ ಅಳಿಸಿಬಿಟ್ಟಿದ್ಲವ್ವಾ." ಮಗಳು "ಅಯ್ಯ, ಪಾಪ" ಎಂದು ನಕ್ಕಳು. ಅತ್ತೆಯನ್ನು ನೋಡಿ ನಕ್ಕಳು. ಆ ನಗು ನನಗೆ ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಹೊಲಿಗೆ ಮಷೀನಿನ ಮುಂದೆ ಹೋಗಿ ಕೂತೆ. ಮೂಗಿನ ಪಕ್ಕ ಬೆರಳಿಟ್ಟು ಅವ್ವ ಎಂದೆ. ಫೋಟೋ ಎಂದೆ. ಎದೆ ಮುಟ್ಟಿಕೊಂಡು, ನನ್ನ ಬೆರಳು ಎತ್ತಿ, ಅಂಗೈ ಊದಿದೆ. ಅವಳು ಮೆಲ್ಲಗೆ ನಕ್ಕು ತನ್ನ ಬೆರಳು ತೋರಿಸಿದಳು. ಸಮಾಧಾನ ಮಾಡಲು ಬಂದಿದ್ದಾನೆ ಎಂದುಕೊಂಡಳು. ನಾನು ಅವಳ ಬೆರಳನ್ನು ಮಡಚಿದೆ. ಮತ್ತೆ ನನ್ನದನ್ನೇ ಎತ್ತಿದೆ. ಕಿವಿ ತೋರಿಸಿ, ಕುಣಿಯುವವನಂತೆ ಭುಜ ಕುಣಿಸಿದೆ — ಹಾಡಿಗಾಗಿ, ಅಕ್ಕಾ. ಹಾಡಿಗಾಗಿ ಅಳಿಸಿದೆ.

ನಗು ನಿಂತಿತು. ಅವಳು ನನ್ನನ್ನು ನೋಡಿದ ರೀತಿ... ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದು ಕಾದೆ. ಅವಳು ಹೊಡೆಯಲಿಲ್ಲ. ತೋರುಬೆರಳನ್ನು ಮಷೀನಿನ ಹಲಗೆಗೆ ಒಂದೆರಡು ಸಲ ಜಪ್ಪಿ ತೋರಿಸಿದಳು, ಹೊರಗಿನ ಹೊಸ್ತಿಲ ಕಡೆ ಕೈ ಮಾಡಿದಳು, ಆಮೇಲೆ ನನ್ನ ಕಣ್ಣುಗಳ ಕಡೆ ಬೆರಳು ಚಾಚಿದಳು. ನಾನು ಹೀಗೆ ಜಪ್ಪಿಕೊಳ್ಳುವಾಗ ನೀನು ನೋಡುತ್ತಿದ್ದೆಯಾ?

ನೋಡುತ್ತಿದ್ದೆ ಎಂದು ತಲೆಯಾಡಿಸಿದೆ.

ಅಕ್ಕ ಕಣ್ಣು ಮುಚ್ಚಿಕೊಂಡಳು. ನಾನು ಭುಜ ಮುಟ್ಟಿದೆ, ಕೊಡವಿದಳು. ಎರಡೂ ಕೈ ಜೋಡಿಸಿ ಅವಳ ಮುಖದ ಮುಂದೆ ಹಿಡಿದು ನಿಂತೆ. ಅವಳು ಕಣ್ಣು ತೆರೆಯಲಿಲ್ಲ.