ಟಿ.ವಿ. ಅಕ್ಕೋರು ‘ಕುಂದರ್ರಿ’ ಅನ್ನಲಿಲ್ಲ

ಹಿರೇಕೆರೂರು ಕಡೆಯ ಒಂದು ಪ್ರಾಥಮಿಕ ಶಾಲೆಗೆ ಸ್ಮಾರ್ಟ್ ಟಿ.ವಿ. ಜೋಡಿಸಲು ಹೋಗಿದ್ದೆ. ಎರಡನೇ ತರಗತಿಯ ಅಕ್ಕೋರು, ಅಂದರೆ ಟೀಚರು, ಬಾಗಿಲಲ್ಲೇ ಮುಖ ಊದಿಸಿಕೊಂಡು ನಿಂತಿದ್ದರು. “ಇನ್ನ ನಮ್ಮನ್ನ ಮನೀಗೆ ಕಳಸ್ತೀರೇನ್ರಿ?” ಎಂದರು. ನಾನು ನಕ್ಕು, ಕೂಡಿಸುವ ಲೆಕ್ಕದ ಆನ್‌ಲೈನ್ ಪಾಠ ಹಚ್ಚಿದೆ.

ಪರದೆಯ ಮೇಲೆ ಸೀರೆಯುಟ್ಟ ಗೊಂಬೆಯೊಂದು ಬಂದು, “ನಮಸ್ಕಾರ ಮಕ್ಕಳೇ!” ಎಂದಿತು. ಇಡೀ ತರಗತಿ ಎದ್ದು ನಿಂತು, “ನಮಸ್ತೇ ಅಕ್ಕೋರ” ಎಂದು ರಾಗ ಎಳೆಯಿತು. ಗೊಂಬೆ ಪಾಠ ಶುರು ಮಾಡಿತು. ಮಕ್ಕಳು ಮಾತ್ರ ನಿಂತೇ ಇದ್ದರು. ಹಿಂದಿನವರಿಗೆ ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

“ಕುಂದರ್ರೋ” ಎಂದೆ. ಯಾರೂ ಅಲುಗಲಿಲ್ಲ.

ಮುಂದಿದ್ದ ಹುಡುಗಿ ನನಗೇ ಬುದ್ಧಿ ಹೇಳುವ ಹಾಗೆ, “ಅಕ್ಕೋರು ಇನ್ನಾ ಕುಂದರ್ರಿ ಅಂದಿಲ್ರಿ ಸರ” ಎಂದಳು.

“ಅದು ವಿಡಿಯೋ ಐತವ್ವಾ. ಅದಕ್ಕ ನೀವು ಕಾಣ್ಸೂದಿಲ್ಲ.”

“ಹಂಗಾರ ಅವ್ರು ನಮಸ್ಕಾರ ಯಾರಿಗೆ ಅಂದ್ರು ಸರ?”

ಬಾಗಿಲಲ್ಲಿದ್ದ ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ಟಿ.ವಿ. ಪಕ್ಕಕ್ಕೆ ಬಂದು “ಕುಂದರ್ರಿ” ಎಂದದ್ದೇ ತಡ, ಎಲ್ಲರೂ ದೊಪ್ಪನೆ ಕುಳಿತರು. “ನಿಮ್ಮ ಟಿ.ವಿ. ಅಕ್ಕೋರಿಗೆ ಇದೊಂದು ಕಲಿಸ್ರಿ” ಎಂದು ನನಗೆ ಠೀವಿಯಿಂದ ಹೇಳಿದರು.

ಅಲ್ಲೇ ಅವರ ‘ಕುಂದರ್ರಿ’ ದನಿಯನ್ನು ಫೋನಿನಲ್ಲಿ ಹಿಡಿದುಕೊಂಡು, ಪಾಠದ ವಿಡಿಯೋ ಇಳಿಸಿಕೊಂಡು, ಗೊಂಬೆಯ ನಮಸ್ಕಾರದ ಬೆನ್ನಿಗೇ ಸೇರಿಸಿದೆ.

ಮೊನ್ನೆ ಹಾನಗಲ್‌ನಲ್ಲಿ ಶಿಕ್ಷಕರ ತರಬೇತಿಯಲ್ಲಿ ಅದೇ ಪಾಠ ತೋರಿಸುತ್ತಿದ್ದೆ. ಟಿ.ವಿ.ಯಿಂದ “ಕುಂದರ್ರಿ” ಎಂಬ ಗಟ್ಟಿ ದನಿ ಬಂತು. ಆ ಕೋಣೆಯಲ್ಲಿ ನಿಂತಿದ್ದವನು ನಾನೊಬ್ಬನೇ. ಕುಳಿತುಬಿಟ್ಟೆ.