ಘೋಣಸಗಿಯ ರಗ್ಗಿನ ಅಳಿಯ

ನಾನು ಹೊಟ್ಟೆಪಾಡಿಗೆ ರಗ್ಬಿ ಆಡುತ್ತಿದ್ದವನು. ಮುಂಬೈಯ ತಂಡವೊಂದು ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ನಮ್ಮದು ರಗ್ಬಿ ಲೀಗ್, ಒಂದೊಂದು ಕಡೆ ಹದಿಮೂರು ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿ ಹಿಡಿದು ಓಡಬೇಕು. ಎದುರಿನವರು ಕೆಡವಿದರೆ ಎದ್ದು, ಚೆಂಡನ್ನು ಕೆಳಗಿಟ್ಟು, ಕಾಲಿನಿಂದ ಹಿಂದಿನವನಿಗೆ ತಳ್ಳಬೇಕು. ಇದನ್ನು ವಿಜಯಪುರದಲ್ಲಿ ಯಾರಿಗಾದರೂ ತಿಳಿಸಿ ಹೇಳಿ ನೋಡಿ! ಜಲನಗರದ ನಮ್ಮ ನೆರೆಯವರು ಕೊನೆಯವರೆಗೂ "ಕಬಡ್ಡಿ ಹೆಂಗ ನಡದೈತ್ರಿ?" ಎಂದೇ ಕೇಳಿದರು.

ನನಗೆ ಹೆಣ್ಣು ಹುಡುಕಿದವಳು ಬಬಲೇಶ್ವರದ ಸೋದರತ್ತೆ. ಹುಡುಗಿ ಘೋಣಸಗಿಯವಳು, ತಿಕೋಟಾದ ಶಾಲೆಯಲ್ಲಿ ಟೀಚರ್. ಫೋಟೋ ನೋಡಿದ ದಿನವೇ ನಾನು ಚಿತ್. ಹುಡುಗ ಏನು ಮಾಡುತ್ತಾನೆಂದು ಅವಳ ಅಪ್ಪ ಕೇಳಿದಾಗ, ಅತ್ತೆ ತನ್ನ ಕಿವಿಗೆ ಬಿದ್ದಷ್ಟನ್ನು ಹೇಳಿದ್ದಳು: "ಮುಂಬೈದಾಗ ರಗ್ಗಿಂದು ಐತ್ರಿ." ರಗ್ಬಿ ಹೋಗಿ ಹೊದ್ದುಕೊಳ್ಳುವ ರಗ್ಗಾಗಿತ್ತು. ನನಗಿದು ಗೊತ್ತೇ ಇರಲಿಲ್ಲ.

ಹೆಣ್ಣು ನೋಡಲು ಹೋದೆವು. ಉಪ್ಪಿಟ್ಟು ತಿನ್ನುತ್ತಿದ್ದಾಗ ಹುಡುಗಿಯ ಅಪ್ಪ ನನ್ನ ಊದಿದ ಕಿವಿಯನ್ನೇ ನೋಡಿದರು.

"ಕಿವಿಗೆ ಏನಾಗೇತ್ರಿ?"

"ಕೆಲಸದಾಗ ಆಗಿದ್ದರಿ. ನಾಕ ಮಂದಿ ಮ್ಯಾಲೆ ಬಿದ್ರು."

"ಅಷ್ಟ ಗಿರಾಕಿ ಬರ್ತಾರೇನ್ರಿ! ಚಳಿಗಾಲದಾಗ ರಗ್ಗಿಗೆ ಬಾಳ ಬೇಡಿಕಿ ಬಿಡ್ರಿ."

ಅತ್ತೆ ಮಾಡಿದ ಎಡವಟ್ಟು ನನಗೆ ಆಗ ಹೊಳೆಯಿತು. ನಿಜ ಹೇಳಿದರೆ ಹುಡುಗಿ ಕೈತಪ್ಪುತ್ತಾಳೆ; ಚೆಂಡು ಹಿಡಿದು ಓಡುವ ಗಂಡಸಿಗೆ ಯಾರು ಹೆಣ್ಣು ಕೊಡುತ್ತಾರೆ? ಅಷ್ಟರಲ್ಲಿ ಹುಡುಗಿ ಚಹಾ ಕೊಡುವ ನೆಪದಲ್ಲಿ ಮೆಲ್ಲಗೆ ಅಂದಳು: "ಮೊಬೈಲದಾಗ ನಿಮ್ಮ ಆಟ ನೋಡೇನ್ರಿ. ಅಪ್ಪಗ ನೀವ ಹೇಳ್ರಿ."

ಹೇಳಿದೆ. ಹೇಳಿದ್ದು ತಿಳಿಯಲಿಲ್ಲವೆಂದು, ಗೋಡೆಗೆ ಒರಗಿಸಿದ್ದ ಲೋಡನ್ನು ಬಗಲಿಗೆ ಏರಿಸಿ ಪಡಸಾಲೆಯಲ್ಲಿ ಓಡಿ, ಬಿದ್ದು, ಎದ್ದು, ಅದನ್ನು ಕೆಳಗಿಟ್ಟು ಕಾಲಿನಿಂದ ಹಿಂದಕ್ಕೆ ತಳ್ಳಿ ತೋರಿಸಿದೆ. ಅವಳ ಅಪ್ಪನ ಮುಖ ಸಪ್ಪಗಾಯಿತು.

"ಅದೆಲ್ಲಾ ಇರ್ಲಿ. ಅಳಿಯಾರ ಕಡಿಂದ ರಗ್ಗ ತರಸ್ತೀನಿ ಅಂತ ಊರಿಗೆಲ್ಲಾ ಹೇಳೇನಿ. ಈಗೇನ್ ಮಾಡ್ಲಿ?"

ವಿಜಯಪುರದ ಜೋರಾಪುರ ಪೇಟೆಯಿಂದ ಟಂಟಂ ಆಟೋ ತುಂಬ ರಗ್ಗು ಒಯ್ದು ಮಾವನ ಮರ್ಯಾದೆ ಉಳಿಸಿದೆ. ಮದುವೆಯೂ ಆಯಿತು. ಘೋಣಸಗಿಯವರಿಗೆ ನಾನು ಇಂದಿಗೂ ರಗ್ಗಿನ ವ್ಯಾಪಾರಿ.

ಹೋದ ವರ್ಷ ಮೊಣಕಾಲು ಕೈಕೊಟ್ಟು ಆಟ ಮುಗಿಯಿತು. ಇನ್ನು ಯಾತಕ್ಕೂ ಬಾರದವನೆಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ನಡೆಯಲು ಶುರುಮಾಡಿ ಎಂದು ಡಾಕ್ಟರು ಹೇಳಿ ವಾರವಾದರೂ ಏಳಲಿಲ್ಲ. ಘೋಣಸಗಿಯವರು ಬಂದು "ಅಂಗಡಿ ಯಾರ ನೋಡ್ಕೋತಾರ್ರಿ ಪಾಪ?" ಎಂದು ಮರುಗಿ ಹೋದರು.

ಆಮೇಲೆ ಮಾವ ಬಂದರು. ಬಗಲಲ್ಲಿ ಸುರುಳಿ ಸುತ್ತಿದ ಒಂದು ರಗ್ಗು. ಅದನ್ನು ಮಂಚದ ಮುಂದೆ ನೆಲಕ್ಕಿಟ್ಟು, ಊರುಗೋಲನ್ನು ನನ್ನ ಕೈಗೆ ಕೊಟ್ಟು, ತಾವು ನಾಲ್ಕು ಹೆಜ್ಜೆ ಹಿಂದೆ ಸರಿದು, ಚೆಂಡಿಗೆ ಕಾಯುವ ಆಟಗಾರನಂತೆ ಬಗ್ಗಿ ನಿಂತರು.

"ಏಳ್ರಿ ಅಳಿಯಾರ. ನಾ ಹಿಂದ ಅದೇನಿ, ತಳ್ಳ್ರಿ."

ಅಳು ಬಂತು. ಎದ್ದೆ.